ಹೆಸರು ಕರೆಯುವ ಆಟ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ನನ್ನನ್ನು ಪಾತ್ರೆ ಮಾರುವವಳೆಂದು ತಿಳಿದುಕೊಂಡವರು ಒಬ್ಬಿಬ್ಬರಲ್ಲ. ತಪ್ಪು ಅವರದಲ್ಲ, ನನ್ನ ಚೀಲದ್ದು. ಅದರಲ್ಲಿ ಎಂಟು ಸ್ಟೀಲ್ ಲೋಟಗಳು, ಅಷ್ಟೇ ಚಮಚಗಳು, ಅಂಚು ನೆಗ್ಗಿದ ಎರಡು ಬಟ್ಟಲು, ಹುಣಸೆಬೀಜ ತುಂಬಿ ಬಾಯಿ ಬಿಗಿದ ಒಂದು ಡಬ್ಬಿ, ನೂಲು ಸಡಿಲಾದ ಗೆಜ್ಜೆಸರ ಇಷ್ಟೂ ಇರುತ್ತವೆ. ರಸ್ತೆ ಕುಲುಕಿದಾಗಲೆಲ್ಲ ಇಷ್ಟೂ ಒಟ್ಟಿಗೆ ಮಾತಾಡುತ್ತವೆ. ಪೆನುಕೊಂಡದಲ್ಲಿ ಹತ್ತಿದ ಹೆಂಗಸೊಬ್ಬಳು ಒಂದು ದಿನ ನನ್ನ ಪಕ್ಕ ಕೂತು, ಚೀಲವನ್ನೂ ನನ್ನನ್ನೂ ಸಾಕಷ್ಟು ಹೊತ್ತು ತೂಗಿ ನೋಡಿ, "ಜರಿ ಇರೋ ಹಳೇ ಸೀರೆ ಎರಡವ್ವೆ ಕಣಮ್ಮ, ಏನ್ ಕೊಡ್ತೀಯ?" ಎಂದು ವ್ಯಾಪಾರವನ್ನೇ ಶುರುಮಾಡಿಬಿಟ್ಟಳು. ನಾನು ಸಂಗೀತದ ಮೇಷ್ಟ್ರು ಎಂದು ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ಪಾತ್ರೆ ಕೊಡಲು ಮನಸ್ಸಿಲ್ಲದೆ ಏನೋ ನೆಪ ಹೇಳುತ್ತಿದ್ದಾಳೆ ಎಂದುಕೊಂಡು ಮುಖ ತಿರುಗಿಸಿದಳು.

ನಿಜ ಹೇಳಬೇಕೆಂದರೆ, ಸಂಗೀತದ ಮೇಷ್ಟ್ರ ಕೈಯಲ್ಲಿ ತಂಬೂರಿ ಇರಬೇಕು, ಕನಿಷ್ಠಪಕ್ಷ ಒಂದು ಶ್ರುತಿಪೆಟ್ಟಿಗೆಯಾದರೂ ಇರಬೇಕು ಎಂದು ನಾನೂ ಬಹಳ ಕಾಲ ನಂಬಿದ್ದವಳೇ. ಹಿಂದೂಪುರದ ನಮ್ಮ ಮನೆಯ ಮುಂಗೋಣೆಯಲ್ಲಿ ಜಮಖಾನ ಹಾಸಿ, ಐದಾರು ವರ್ಷದ ಮಕ್ಕಳನ್ನು ಸಾಲಾಗಿ ಕೂರಿಸಿ ಸರಳೆವರಸೆ ಹೇಳಿಕೊಡಲು ತೊಡಗಿದ ಮೊದಲ ತಿಂಗಳಲ್ಲೇ ಆ ನಂಬಿಕೆಗೆ ಪೆಟ್ಟು ಬಿತ್ತು. ಮಕ್ಕಳು ಕೂರುವುದಿಲ್ಲ. ಕೂತರೂ ಕಾಲು ಕೂರುವುದಿಲ್ಲ. ಹಾಗಾದರೆ ಕಾಲಿಗೇ ಪಾಠ ಹೇಳೋಣವೆಂದು ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದೆ. ಒಂದೊಂದು ಮನೆಗೆ ಒಂದೊಂದು ಸ್ವರ. ಷಡ್ಜದ ಮನೆಯಲ್ಲಿ ನಿಂತು ಬಿಲ್ಲೆ ಎಸೆಯಬೇಕು, ಅದು ಬಿದ್ದ ಮನೆಯವರೆಗೆ ಕುಂಟುತ್ತಾ ಹಾಡಬೇಕು, ಹಾಡುತ್ತಾ ಹಿಂದಕ್ಕೆ ಬರಬೇಕು, ಗೆರೆ ಮುಟ್ಟಿದರೂ ಸ್ವರ ಜಾರಿದರೂ ಔಟು. ಜಮಖಾನದ ಮೇಲೆ ತಿಂಗಳಿಡೀ ಬಾರದ ಆರೋಹಣ ಅವರೋಹಣಗಳು ಒಂದು ವಾರದಲ್ಲಿ ಬಂದವು. ಎದುರುಮನೆಯವರು ಮಾತ್ರ, ಫೀಸು ತೆಗೆದುಕೊಂಡು ಮಕ್ಕಳನ್ನು ಬೀದಿಯಲ್ಲಿ ಕುಣಿಸುತ್ತಾಳೆ ಎಂದು ಆಡಿಕೊಂಡರು.

ಆದರೂ, ಓದುವ ಗೆಳೆಯರೇ, ಆಟವನ್ನು ಅಂಗಳಕ್ಕೆ ತಂದವಳು ನಾನಾದರೂ ತಾಳವನ್ನು ನಾನು ಎಂದೂ ಆಟಕ್ಕೆ ಬಿಟ್ಟುಕೊಟ್ಟವಳಲ್ಲ. ನನಗೆ ಪಾಠ ಹೇಳಿದ ಗುರುಗಳು ಮೃದು ಮಾತಿನವರು, ಕೈಯೆತ್ತಿ ಹೊಡೆದವರಲ್ಲ. ತಾಳ ತಪ್ಪಿದರೆ ಮಾತ್ರ ಏನೂ ಹೇಳದೆ ಎದ್ದು ಒಳಕ್ಕೆ ಹೋಗಿಬಿಡುತ್ತಿದ್ದರು. ಖಾಲಿ ಚಾಪೆಯ ಎದುರು ಕೂತು ಅಳುವುದು ಹೊಡೆತ ತಿನ್ನುವುದಕ್ಕಿಂತ ಕಷ್ಟ. ಹಾಗಾಗಿ ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು–ಹುಸಿ, ಪೆಟ್ಟು–ಹುಸಿ ಎಂಬ ಆದಿತಾಳದ ಎಂಟು ಅಕ್ಷರಗಳು ನನ್ನ ಬಲ ತೊಡೆಯ ಮೇಲೆ ಎಷ್ಟು ಆಳವಾಗಿ ಇಳಿದಿವೆಯೆಂದರೆ, ಹಾಲು ಉಕ್ಕುವುದನ್ನು ಕಾಯುವಾಗಲೂ, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತಾಗಲೂ ಕೈ ತಾನಾಗಿ ಹಾಕುತ್ತಿರುತ್ತದೆ. ಎಂಟು ಆಯಿತೋ, ಮುಂದಕ್ಕೆ ಹೋಗಬೇಕು. ಯಾರು ಸಿದ್ಧರಿದ್ದಾರೆ, ಯಾರಿಲ್ಲ ಎಂದು ತಾಳ ಕೇಳುವುದಿಲ್ಲ. ಇದರಲ್ಲಿ ಒಂದು ಸಮಾಧಾನವೂ ಇದೆ, ಸುಳ್ಳೇಕೆ ಹೇಳಲಿ. ಲೋಕದಲ್ಲಿ ಏನೇ ಆದರೂ ಎಂಟರ ಆಚೆಗೆ ಮತ್ತೆ ಒಂದೇ ಬರುತ್ತದೆ.

ಕಲ್ಯಾಣದುರ್ಗದಲ್ಲಿ, ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಒಂದು ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಸರೋಜಮ್ಮನವರು ಬುದ್ಧಿ ಬೆಳವಣಿಗೆ ನಿಧಾನವಾದ, ಮಾತು ಬಾರದ, ಜೊತೆಯವರೊಂದಿಗೆ ಬೆರೆಯಲಾಗದ ಮಕ್ಕಳಿಗಾಗಿ ಒಂದು ಸೆಂಟರ್ ನಡೆಸುತ್ತಾರೆ. ನಿವೃತ್ತ ಟೀಚರು, ತೆಲುಗಿನವರು. ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಎರಡನ್ನೂ ಕಲೆಸಿ ಬಡಿಸುತ್ತಾರೆ. ನನ್ನ ಕುಂಟೆಬಿಲ್ಲೆಯ ಸಂಗತಿಯನ್ನು ಯಾರಿಂದಲೋ ಕೇಳಿ, "ವಾರಕ್ಕೊಂದು ದಿನ ಬನ್ನಿ, ನಮ್ಮ ಪಿಲ್ಲಲನ್ನೂ, ಈ ಮಕ್ಕಳನ್ನೂ ಆಡಿಸಿ" ಎಂದು ಕರೆದರು. ಒಪ್ಪಿಕೊಂಡೆ. ಅನುಕಂಪವೇನೂ ಕಾರಣವಲ್ಲ, ಹಿಂದೂಪುರದಲ್ಲಿ ಗೆದ್ದ ಆಟ ಇನ್ನೊಂದು ಊರಲ್ಲೂ ಗೆಲ್ಲುವುದೇ ನೋಡೋಣವೆಂಬ ಕುತೂಹಲ, ಅಷ್ಟೆ.

ಗೆಲ್ಲಲಿಲ್ಲ. ಕುಂಟಲಾರದ ಮಕ್ಕಳಿಗೆ ಕುಂಟೆಬಿಲ್ಲೆಯಿಂದ ಪ್ರಯೋಜನವೇನು? ಆಗ ಕಟ್ಟಿದ್ದೇ ಹೆಸರು ಕರೆಯುವ ಆಟ. ಎಂಟು ಮಕ್ಕಳು ದುಂಡಗೆ ಕೂರುತ್ತಾರೆ, ಪ್ರತಿಯೊಬ್ಬರ ಮುಂದೆ ಒಂದು ಲೋಟ, ಒಂದು ಚಮಚ. ನಾನು ಒಂದು ಆವರ್ತದಲ್ಲಿ, ಅಂದರೆ ಎಂಟೆಣಿಕೆಯ ಒಂದು ಸುತ್ತಿನಲ್ಲಿ, ಒಂದು ಮಗುವಿನ ಹೆಸರನ್ನು ರಾಗವಾಗಿ ಕರೆಯುತ್ತೇನೆ. ಮುಂದಿನ ಆವರ್ತವನ್ನು ಖಾಲಿ ಬಿಡುತ್ತೇನೆ. ಅದು ಆ ಮಗುವಿನದು. ಹಾಡಬಹುದು, ಕೂಗಬಹುದು, ಲೋಟ ಬಡಿಯಬಹುದು, ನಕ್ಕರೂ ಆದೀತು. ಎಂಟು ಮುಗಿದ ಮೇಲೆ ಪಕ್ಕದ ಮಗುವಿನ ಹೆಸರು. ಮೊದಲ ದಿನವೇ ನಾಲ್ವರು ಬಡಿದರು, ಒಬ್ಬ ಹಾಡಿದ, ಸರೋಜಮ್ಮನವರು ಕಣ್ಣೊರೆಸಿಕೊಂಡರು. ನಾನು ಕಣ್ಣೊರೆಸಿಕೊಳ್ಳಲಿಲ್ಲ, ಎಂಟರಲ್ಲಿ ಐದು, ಪರವಾಗಿಲ್ಲ ಎಂದುಕೊಂಡೆ.

ಮಿಕ್ಕ ಮೂವರಲ್ಲಿ ಅಂಜಲಿ ಒಬ್ಬಳು. ಏಳು ವರ್ಷ, ಮಾತಿಲ್ಲ, ಕಿವಿಯಲ್ಲಿ ದೋಷವಿಲ್ಲವೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ, ಆದರೂ ಕರೆದರೆ ತಿರುಗುವುದಿಲ್ಲ. ಅವಳ ತಾಯಿ ಹನುಮಕ್ಕ ಬ್ರಹ್ಮಸಮುದ್ರದ ಕಡೆಯ ಹಳ್ಳಿಯವಳು, ಕೂಲಿ ಕೆಲಸದವಳು. ಬೆಳಗಿನ ಬಸ್ಸಿಗೆ ಮಗಳನ್ನು ಕರೆತಂದು, ಸೆಂಟರಿನ ಗೋಡೆಗೊರಗಿ ಕೂತು, ಆಟ ಮುಗಿದ ಮೇಲೆ ಕರೆದುಕೊಂಡು ಹೋಗುವವಳು. ನಾನು ಅಂಜಲಿಯ ಹೆಸರು ಕರೆದು ಖಾಲಿ ಬಿಟ್ಟರೆ ಸಾಕು, ಮೂರು ಎಣಿಕೆ ಕಳೆಯುವಷ್ಟರಲ್ಲಿ ಗೋಡೆಯ ಕಡೆಯಿಂದ "ಅವ್ಳೆ ಕಣಮ್ಮ, ಇಲ್ಲೇ ಅವ್ಳೆ" ಎಂಬ ಉತ್ತರ ಬರುತ್ತಿತ್ತು. ಉತ್ತರ ಕೊಡಬೇಕಾದವಳು ನೀನಲ್ಲ ಹನುಮಕ್ಕ, ಎಂದು ಎಷ್ಟು ಸಲ ಹೇಳಿದರೂ ಅವಳಿಂದಾಗುತ್ತಿರಲಿಲ್ಲ. ಮಗಳ ಹೆಸರಾದ ಮೇಲೆ ಬರುವ ಆ ನಿಶ್ಶಬ್ದವನ್ನು ನಾಲ್ಕು ಜನರ ಮುಂದೆ ಕೇಳುತ್ತಾ ಕೂರುವುದು ಅವಳಿಗೆ ಅವಮಾನದ ಹಾಗೆ ಆಗುತ್ತಿತ್ತೆಂದು ಈಗ ತಿಳಿಯುತ್ತದೆ.

ಒಂದು ದಿನ ಅವಳೇ ಬಾಯಿಬಿಟ್ಟು ಹೇಳಿದಳು. "ಹಾಡು ಕಲೀಲಿ ಅಂತ ನಾನು ಬಂದೋಳಲ್ಲ ಕಣಮ್ಮ. ಕೂಗಿದ್ರೆ ಒಂದ್ಕಿತ ಓ ಅನ್ಲಿ, ಅಷ್ಟೇಯ. ಕಡ್ಲೆಕಾಯಿ ಹೊಲದಾಗೆ ಕಳೆ ತೆಗೆಯಾಕೆ ಹೋದಾಗ ಬೇವಿನ ಮರದ ಕೆಳಗೆ ಕೂರಿಸಿರ್ತೀನಿ. ತಲೆ ಎತ್ತಿ ನೋಡಿದ್ರೆ ಇರಾಕಿಲ್ಲ. ಅಂಜೂ ಅಂಜೂ ಅಂತ ಗಂಟ್ಲು ಹರ್ಕೊಂಡ್ರೂ ಓ ಅನ್ನಾಕಿಲ್ಲ, ಬದುವಿನ ಆಚೇನೇ ಕುಂತಿರ್ತದೆ. ನೀರು ಬೀಳ್ದೆ ಬಿಟ್ಟಿರೋ ಬೋರಿನ ಗುಂಡಿ ಬೇರೆ ಅವ್ವೆ. ಹುಡುಕೋ ಅಷ್ಟರಾಗೆ ನನ್ ಜೀವ ಹೋಗಿ ಬರ್ತದೆ." ಸಂಗೀತ ಕೇಳಿದರೆ ಮಾತು ಬರುತ್ತದೆಂದು ಯಾರೋ ಅವಳ ತಲೆಗೆ ತುಂಬಿದ್ದರು. ಅಂಥ ಮಾತು ನಾನು ಕೊಟ್ಟಿರಲಿಲ್ಲ. ಆದರೆ ಅದು ಸುಳ್ಳೆಂದೂ ಹೇಳಿರಲಿಲ್ಲ.

ಅಂಜಲಿಯ ತಾಪತ್ರಯ ಅಷ್ಟಕ್ಕೇ ಮುಗಿಯಲಿಲ್ಲ. ತನ್ನ ಸರದಿಯಲ್ಲಿ ಕಲ್ಲಿನಂತೆ ಕೂತಿರುತ್ತಿದ್ದವಳು ಪಕ್ಕದ ಪವಿತ್ರಳ ಸರದಿ ಬಂದಾಗ ಚಮಚವೆತ್ತಿ ಲೋಟವನ್ನು ಟಣ್ಣೆಂದು ಬಡಿಯುತ್ತಿದ್ದಳು. ಪವಿತ್ರಳಿಗೆ ತನ್ನ ಹೆಸರೆಂದರೆ ಪ್ರಾಣ. ಇಡೀ ಸುತ್ತು ಅದಕ್ಕಾಗಿಯೇ ಕಾದಿದ್ದು, ತನ್ನ ಎಂಟೆಣಿಕೆಯನ್ನು ತುಂಬಿಸಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಟಣ್. "ನಂದು! ಇದು ನಂದು!" ಎಂದು ಅವಳು ಹೊರಳಾಡಿ ಅಳುತ್ತಿದ್ದಳು, ಅವಳ ಅಳು ಕೇಳಿ ಇನ್ನಿಬ್ಬರು ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದರು, ಆಟ ಅಲ್ಲಿಗೆ ಹಾಳು. ಇದು ಒಂದೆರಡು ಸಲವಲ್ಲ, ವಾರ ವಾರವೂ. ಅಸೂಯೆ ಎಂದರು ಸರೋಜಮ್ಮ. ತುಂಟತನ ಎಂದೆ ನಾನು. ಕೊನೆಗೊಂದು ದಿನ ಅಂಜಲಿಯ ಮುಂದಿನ ಲೋಟವನ್ನೂ ಚಮಚವನ್ನೂ ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಅವಳು ಅಳಲಿಲ್ಲ, ಕೇಳಲಿಲ್ಲ. ಲೋಟವಿದ್ದ ಜಾಗವನ್ನು ನೋಡುತ್ತಾ ಕೂತಳು. ಆಟ ಸುಸೂತ್ರವಾಗಿ ನಡೆಯಿತು. ಅಂದು ಹಿಂದೂಪುರಕ್ಕೆ ಮರಳುವ ಬಸ್ಸಿನಲ್ಲಿ ನನಗೆ ಒಳ್ಳೆಯ ನಿದ್ದೆಯೂ ಬಂತು.

ಇದಾಗಿ ಮೂರು ವಾರಕ್ಕೆ ಹನುಮಕ್ಕ ಮೆಟ್ಟಿಲಲ್ಲೇ ನನ್ನನ್ನು ತಡೆದು ನಿಲ್ಲಿಸಿದಳು. "ಇವತ್ತು ಬಂದಿವ್ನಿ, ಇನ್ ಬರಾಕಿಲ್ಲ ಕಣಮ್ಮ. ಬೇಜಾರ್ ಮಾಡ್ಕೋಬ್ಯಾಡ. ಎಲ್ರ ಮಕ್ಕಳೂ ಓ ಅಂತವೆ. ನನ್ದು ಅನ್ನಾಕಿಲ್ಲ. ಸುಮ್ಕೆ ಯಾಕೆ ಅದನ್ನ ಇಲ್ಲಿಗಂಟ ಎಳ್ಕೊಂಡು ಬರ್ಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. "ನಿನ್ನ ಇಷ್ಟ ಹನುಮಕ್ಕ" ಎಂದಷ್ಟೇ ಹೇಳಿ ಮೇಲಕ್ಕೆ ಹೋದೆ.

ಆ ದಿನ ಪವಿತ್ರ ಬಂದಿರಲಿಲ್ಲ. ದುಂಡಿನಲ್ಲಿ ಅವಳ ಜಾಗ ಖಾಲಿ. ಹನುಮಕ್ಕ ಹೇಗೂ ಇದೇ ಕಡೆಯ ದಿನವೆಂದೋ ಏನೋ, ಗೋಡೆಗೊರಗಿ ಕಣ್ಣುಮುಚ್ಚಿ ಕೂತಿದ್ದಳು. ಉತ್ತರ ಕೊಡುವ ಉತ್ಸಾಹ ಅವಳಿಗೂ ಬತ್ತಿಹೋಗಿತ್ತು. ಅಂಜಲಿಯ ಹೆಸರು ಕರೆದೆ. ಎಂಟು ಖಾಲಿ ಬಿಟ್ಟೆ. ಏನೂ ಇಲ್ಲ. ಪವಿತ್ರಳ ಹೆಸರಿಗೆಂದು ಬಾಯಿ ತೆರೆದವಳು ಖಾಲಿ ಜಾಗ ಕಂಡು ತಾಳ ನಿಲ್ಲಿಸಿ, ಎಲ್ಲಿ ಅವಳು ಎಂಬಂತೆ ಸರೋಜಮ್ಮನ ಕಡೆ ತಿರುಗಿದೆ. "ಪವಿತ್ರ ಈ ರೋಜು ರಾಲೇದಮ್ಮಾ" ಎಂದು ಅವರು ಶುರುಮಾಡಿ, ಅವಳಿಗೆ ಜ್ವರ ಬಂದದ್ದು, ನಿನ್ನೆ ಮಾತ್ರೆ ಕೊಟ್ಟದ್ದು, ಇವತ್ತು ಇಳಿದದ್ದು ಎಲ್ಲವನ್ನೂ ಹೇಳಿ ಮುಗಿಸಿದರು. ಯಾರೂ ಯಾರ ಹೆಸರನ್ನೂ ಕರೆಯದೆ ಇದ್ದ ಆ ಬಿಡುವಿನಲ್ಲಿ ಒಂದು ಸದ್ದು ಕೇಳಿತು. ಅಂಜಲಿ ಅಂಗೈಯಿಂದ ನೆಲ ಬಡಿದಿದ್ದಳು, ಲೋಟವಿದ್ದ ಜಾಗದಲ್ಲಿಯೇ.

ಬಡಿದು, ನನ್ನನ್ನು ನೋಡಿದಳು. ಅವಳು ನನ್ನನ್ನು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು. ಅಥವಾ ಹಿಂದೆಯೂ ನೋಡಿರಬಹುದು, ಅಷ್ಟು ಹೊತ್ತಿಗೆ ನಾನು ಪಕ್ಕದ ಮಗುವಿನ ಕಡೆ ತಿರುಗಿಬಿಟ್ಟಿರುತ್ತಿದ್ದೆ.

ನನಗೆ ಅರ್ಥವಾಗಲು ಅವಳಿಗಿಂತ ಹೆಚ್ಚೇ ಹೊತ್ತು ಹಿಡಿಯಿತು. ಮತ್ತೆ ಕರೆದೆ, ಮತ್ತೆ ಕಾದೆ. ಎಂಟು ಹೋಯಿತು. ಇನ್ನೊಂದು ಎಂಟು ಹೋಯಿತು. ಮೂರನೆಯ ಸುತ್ತಿನ ಮೂರನೆಯ ಎಣಿಕೆಗೆ ಅಂಗೈ ನೆಲಕ್ಕೆ ಬಿತ್ತು. ಎರಡನೆಯ ಸಲ ಕರೆದಾಗ ಉತ್ತರವೇ ಬರಲಿಲ್ಲ, ಕಿಟಕಿಯಲ್ಲಿ ಅವಳಿಗೆ ಅಳಿಲು ಕಂಡಿತ್ತು. ಮೂರನೆಯ ಸಲ ಮತ್ತೆ ಬಂತು, ಹೆಚ್ಚುಕಡಿಮೆ ಅದೇ ಜಾಗಕ್ಕೆ. ಅಂದರೆ ಈ ಹುಡುಗಿ ಇಷ್ಟು ತಿಂಗಳೂ ಪ್ರತಿ ಸಲವೂ ತನ್ನ ಹೆಸರಿಗೇ ಉತ್ತರ ಕೊಡುತ್ತಿದ್ದಳು. ಹೆಸರು ಒಳಗಿಳಿದು, ಅಲ್ಲಿ ತನ್ನ ದಾರಿ ಹುಡುಕಿಕೊಂಡು, ಕೈಯವರೆಗೆ ಬರಲು ಅವಳಿಗೆ ಬೇಕಾದದ್ದು ಎರಡು ಆವರ್ತ ಮತ್ತು ಚೂರು. ಅಷ್ಟರಲ್ಲಿ ನಾನು ಪಕ್ಕದ ಹೆಸರನ್ನು ಹಾಡಿ ಮುಗಿಸಿ, ಪಕ್ಕದ ಮಗುವಿಗೆ ಖಾಲಿ ಬಿಟ್ಟು ಕೂತಿರುತ್ತಿದ್ದೆ. ಅವಳ ಉತ್ತರ ಪವಿತ್ರಳ ಮನೆಗೆ ಹೋಗಿ ಬೀಳುತ್ತಿತ್ತು. ತಪ್ಪು ಮನೆಗೆ ಬಂದ ಕಾಗದವನ್ನು ಹರಿದುಹಾಕುವಂತೆ ನಾನು ಲೋಟವನ್ನೇ ಕಿತ್ತುಕೊಂಡಿದ್ದೆ.

ನಾಚಿಕೆಯಾಯಿತು. ಬೇರೆ ಪದ ಹುಡುಕುವುದಿಲ್ಲ. ಇಂಥ ಮಕ್ಕಳಿಗೆ ಉತ್ತರಿಸಲು ಹೆಚ್ಚು ಹೊತ್ತು ಬೇಕಾದೀತೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಅದಕ್ಕೆಂದೇ ತಾನೆ ಎಂಟು ಎಣಿಕೆ ಕೊಟ್ಟದ್ದು. ಎಂಟು ಸಾಲದಿದ್ದರೆ ಇಪ್ಪತ್ತು ಎನ್ನುವುದು ಯಾರಿಗಾದರೂ ಹೊಳೆಯಬಹುದಾದ ಸಂಗತಿ, ತಾಳ ಕಲಿತವಳಿಗೆ ಮಾತ್ರ ಹೊಳೆಯಲಿಲ್ಲ. ತಮಾಷೆಯೆಂದರೆ, ನಮ್ಮ ಸಂಗೀತದಲ್ಲಿಯೇ ತಾಳ ಶುರುವಾದ ಮೇಲೆ ಒಂದಷ್ಟು ಬಿಟ್ಟು ಹಾಡು ಎತ್ತಿಕೊಳ್ಳುವ ಕ್ರಮವಿದೆ; ಅದಕ್ಕೆ ಅನಾಗತವೆಂಬ ಗಂಭೀರವಾದ ಹೆಸರೂ ಇದೆ. ದೊಡ್ಡ ವಿದ್ವಾಂಸರು ಹಾಗೆ ತಡವಾಗಿ ಎತ್ತಿಕೊಂಡಾಗ ಆಹಾ ಎಂದು ತಲೆದೂಗಿದವಳು ನಾನು. ಏಳು ವರ್ಷದ ಹುಡುಗಿ ತಡವಾಗಿ ಎತ್ತಿಕೊಂಡರೆ ತುಂಟತನ! ಚೀಲದಿಂದ ಲೋಟ ಚಮಚ ತೆಗೆದು ಅವಳ ಮುಂದಿಟ್ಟೆ. ಕ್ಷಮೆ ಕೇಳುವುದು ಹೇಗೆಂದು ತಿಳಿಯಲಿಲ್ಲ. ಕೇಳಿದ್ದರೂ ಅವಳಿಗೆ ಅದು ಬೇಕಾಗಿತ್ತೆಂದು ತೋರುವುದಿಲ್ಲ, ಅವಳು ಆಗಲೇ ಚಮಚವನ್ನು ಬಾಯಿಗೆ ಹಾಕಿಕೊಂಡಿದ್ದಳು.

ಹನುಮಕ್ಕನನ್ನು ನಂಬಿಸುವುದು ಇನ್ನೂ ಕಷ್ಟವಾಯಿತು. "ಅದು ಸುಮ್ಕೆ ಬಡೀತದೆ ಕಣಮ್ಮ, ಮನೆಯಾಗೂ ಹಂಗೇಯ" ಎಂದು ಕೈಯಾಡಿಸಿಬಿಟ್ಟಳು. ನೀನೇ ಕರೆದು ನೋಡು ಎಂದೆ. ಕರೆದಳು. "ಅಂಜೂ. ಅಂಜೂ. ಲೇ ಅಂಜೂ. ಇಲ್ನೋಡೇ ಅಂಜೂ." ಅವಳು ಮಗಳನ್ನು ಕರೆಯುವುದನ್ನು ನಾನು ಹತ್ತಾರು ಸಲ ಕೇಳಿದ್ದೆ, ಅಂದು ಮಾತ್ರ ಅದರ ಲಯ ಕಿವಿಗೆ ಬಿತ್ತು. ಒಂದು ಕೂಗಿನ ಬೆನ್ನಿಗೆ ಇನ್ನೊಂದು. ಮಗುವಿನ ಒಳಗೆ ಮೊದಲ ಕೂಗು ಹೊಸ್ತಿಲು ದಾಟುವ ಮೊದಲೇ ಹೊಸದೊಂದು ಬಂದು ಬಾಗಿಲು ಬಡಿಯುತ್ತಿತ್ತು. ಹೊಲದಲ್ಲಿ, ಬೋರಿನ ಗುಂಡಿಗಳ ನಡುವೆ, ಮಗು ಕಾಣದಾದಾಗ ಯಾವ ತಾಯಿ ತಾನೆ ಒಂದೇ ಸಲ ಕರೆದು ಬಾಯಿಮುಚ್ಚಿಕೊಂಡು ನಿಂತಾಳು? ನನ್ನ ತಪ್ಪು ಗರ್ವದ್ದು, ಅವಳದು ಭಯದ್ದು. ಎರಡರಿಂದಲೂ ಮಗುವಿಗೆ ಆದದ್ದು ಒಂದೇ.

"ಒಂದೇ ಸಲ ಕರೆ ಹನುಮಕ್ಕ. ಆಮೇಲೆ ನಾನು ಹೇಳುವವರೆಗೆ ತುಟಿ ಬಿಚ್ಚಬೇಡ" ಎಂದೆ. ಅವಳು ಒಂದೇ ಸಲ ಕರೆದಳು. ಎಂಟರವರೆಗೆ ಹೇಗೋ ತಡೆದುಕೊಂಡಳು. ಎರಡನೆಯ ಎಂಟರಲ್ಲಿ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಳು. ಕಣ್ಣು ನನ್ನ ಮೇಲೆ, ಬಿಡಮ್ಮ ಸಾಕು ಎಂದು ಬೇಡುವ ಹಾಗೆ. ಮೂರನೆಯ ಎಂಟು ಶುರುವಾದ ಮೇಲೆ ಲೋಟ ಟಣ್ಣೆಂದಿತು. ಹನುಮಕ್ಕ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ಸೆರಗು ಬಿಟ್ಟು, "ಅಂಗಾರೆ ಹೊಲದಾಗೂ ಓ ಅಂತಿತ್ತೇನಮ್ಮಾ ಇದು? ನಾನೇ ಕೂಗಿ ಕೂಗಿ ಕೇಳಿಸ್ಕೊಳ್ದೆ ಹೋದ್ನಾ?" ಎಂದು ಕೇಳಿದಳು. ನಾನು ಗೊತ್ತಿಲ್ಲವೆಂದೆ. ಗೊತ್ತಿರಲಿಲ್ಲ, ನಿಜವಾಗಿಯೂ.

ಇದನ್ನು ಪವಾಡವೆಂದು ದಯವಿಟ್ಟು ಯಾರೂ ತಿಳಿಯಬೇಡಿ. ಅಂಜಲಿಗೆ ಮಾತು ಬಂದಿಲ್ಲ; ಬರುತ್ತದೆಂದು ನಾನು ಯಾರಿಗೂ ಹೇಳುವುದಿಲ್ಲ. ಆಟವನ್ನು ಸ್ವಲ್ಪ ಬದಲಿಸಿದ್ದೇನೆ: ಅವಳನ್ನು ಕರೆದ ಮೇಲೆ ಎಲ್ಲರೂ ಸೇರಿ ಹುಣಸೆಬೀಜದ ಡಬ್ಬಿಯನ್ನು ಮೆಲ್ಲಗೆ ಕೈಯಿಂದ ಕೈಗೆ ದಾಟಿಸುತ್ತೇವೆ, ಅದು ದುಂಡು ಸುತ್ತಿ ಬರುವಷ್ಟರಲ್ಲಿ ಅವಳ ಉತ್ತರವೂ ಸಾಮಾನ್ಯವಾಗಿ ಬಂದಿರುತ್ತದೆ. ಪವಿತ್ರಳಿಗೆ ಈ ವಿಳಂಬ ಇವತ್ತಿಗೂ ಒಪ್ಪಿಗೆಯಿಲ್ಲ. ಹನುಮಕ್ಕ ಮುಂದಿನ ವಾರ ಬಂದಳು, ಅದರ ಮುಂದಿನ ವಾರವೂ ಬಂದಳು. ಗೋಡೆಯ ಕಡೆಯಿಂದ ಉತ್ತರ ಬರುವುದು ನಿಂತಿದೆ.

ಮೊನ್ನೆ ಆಟ ಮುಗಿಸಿ ಮೂವರೂ ಒಟ್ಟಿಗೆ ಬಸ್ ಸ್ಟ್ಯಾಂಡಿಗೆ ಬಂದೆವು. ಬ್ರಹ್ಮಸಮುದ್ರದ ಬಸ್ಸು ಹೊರಟು ನಿಂತಿತ್ತು. ಹನುಮಕ್ಕ ಗಂಟು ಒಳಗಿಡಲೆಂದು ಮೆಟ್ಟಿಲು ಹತ್ತಿ ತಿರುಗಿ ನೋಡಿದರೆ ಅಂಜಲಿ ಹಿಂದೆ ಇರಲಿಲ್ಲ. ಹತ್ತು ಹೆಜ್ಜೆ ಆಚೆ, ಕಬ್ಬಿನ ಹಾಲಿನ ಗಾಣದ ಮುಂದೆ, ತಿರುಗುವ ಚಕ್ರವನ್ನೇ ನೋಡುತ್ತಾ ನಿಂತಿದ್ದಳು. ನಾನು ಕೈಹಿಡಿದು ತರಲು ಹೊರಟವಳು ಹನುಮಕ್ಕನ ಮುಖ ನೋಡಿ ನಿಂತೆ. ಅವಳು "ಅಂಜೂ" ಎಂದು ಒಂದು ಸಲ ಕರೆದಳು, ಅಷ್ಟೆ. ಕಂಡಕ್ಟರು ಬಸ್ಸಿನ ಮೈ ತಟ್ಟಿ, "ಎಕ್ಕಮ್ಮಾ, ಟೈಮೈಂದಿ" ಎಂದು ಬೇಗ ಹತ್ತಲು ಅವಸರ ಮಾಡಿದ. ಡ್ರೈವರು ಹಾರ್ನ್ ಒತ್ತಿದ. ಒಳಗಿನಿಂದ ಯಾರೋ, ಆ ಮಗುವನ್ನು ಎಳೆದುಕೊಂಡು ಬರಬಾರದೇ ಎಂದು ಗೊಣಗಿದರು.

"ತಡಿಯಣ್ಣ" ಎಂದಳು ಹನುಮಕ್ಕ, ಬಾಗಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಂಡಕ್ಟರನ ಕಡೆ ತಿರುಗದೆ. "ನನ್ ಮಗಳ್ನ ಕರ್ದಿವ್ನಿ. ಓ ಅಂತಾಳೆ."

ಕಂಡಕ್ಟರು ಬಸ್ಸಿನ ಮೈಯಿಂದ ಕೈ ತೆಗೆದ. ಗಾಣದ ಚಕ್ರ ತಿರುಗುತ್ತಲೇ ಇತ್ತು. ಬಸ್ಸು ಗುರುಗುಡುತ್ತಾ ನಿಂತಿತ್ತು. ಕೊನೆಗೆ ಅಂಜಲಿ ಗಾಣದ ಕಬ್ಬಿಣದ ಕಾಲನ್ನು ಅಂಗೈಯಿಂದ ಒಮ್ಮೆ ಬಡಿದು, ತಿರುಗಿ, ತಾಯಿ ಇದ್ದ ಕಡೆಗೆ ತಾನಾಗಿ ನಡೆಯತೊಡಗಿದಳು. ಹನುಮಕ್ಕ ಕೆಳಗಿಳಿಯಲಿಲ್ಲ, ಇನ್ನೊಮ್ಮೆ ಕರೆಯಲೂ ಇಲ್ಲ. ಮಗಳು ಬಂದು ತಲುಪುವವರೆಗೂ ಬಾಗಿಲಲ್ಲೇ ನಿಂತಿದ್ದಳು.